ದೇವೀರಕ್ಕನ ಮೊದಲ ಕೂಲಿ

ನಾನು ಅಕ್ಕಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದೆ. ಅಮ್ಮ ಎದುರಿಗೆ ಕೂತು ಎಣ್ಣೆ ಜಿಡ್ಡು ಹಿಡಿದ ಡಬ್ಬಗಳನ್ನು ಎಡಗೈಯಲ್ಲಿ ಒರೆಸುತ್ತಿದ್ದಳು. ಅವಳ ಬಲಗೈ ಮಣಿಕಟ್ಟಿಗೆ ಹಳೇ ಸೀರೆಯ ಅಂಚನ್ನು ಸುತ್ತಿ ಬಿಗಿದಿತ್ತು. ಹಿಟ್ಟು ಮೊರದ ಮೇಲೆ ಸಣ್ಣಗೆ ಉದುರುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಬೆಳಗಿನಿಂದ ಇಬ್ಬರೂ ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಮೊದಲು ಯಾರು ಹೇಳುವುದು ಎಂದು ಇಬ್ಬರೂ ಕಾಯುತ್ತಿದ್ದೆವು.

ಹಿಂದಿನ ದಿನ ಅಡುಗೆ ಕಂಟ್ರಾಕ್ಟರ್ ಪುರುಷೋತ್ತಮಯ್ಯ ಬಂದಿದ್ದರು. ಮದುವೆ ಕಾಲ ಮುಗಿಯುವ ತನಕ ಅವರಿಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಈಗಿನದಕ್ಕಿಂತ ಮೂರು ಪಟ್ಟು ಬೇಕಂತೆ. "ನಿಮ್ಮ ಕೈಲಿ ಆಗದಿದ್ರೆ ಈಗಲೇ ಹೇಳ್ಬಿಡಿ ತಾಯಿ. ಆಮೇಲೆ ಊಟಕ್ಕೆ ಕೂತವರ ಎಲೆ ಮುಂದೆ ನಿಂತು ನಾನು ಏನು ಹೇಳಲಿ?" ಎಂದಿದ್ದರು. ಅವರು ಕೈಬಿಟ್ಟರೆ ನಮ್ಮ ಅಂಗಡಿ ನಡೆಯುತ್ತಿರಲಿಲ್ಲ. ಅಮ್ಮನ ಕೈಗೆ ಚಕ್ಕುಲಿ ಒರಳನ್ನು ಒತ್ತುವ ಶಕ್ತಿ ಉಳಿದಿರಲಿಲ್ಲ. ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕಿತ್ತು.

ನಮ್ಮೂರಲ್ಲಿ ಅದು ಹೆದರುವ ಸಂಗತಿಯೇ. ಕೂಲಿ ಕೈಗೆ ಬಿದ್ದ ಮೇಲೆ ಕೆಲಸದವರ ಗಾಯ ಕೆಲಸದವರ ಮೈಮೇಲೇ ಇರುತ್ತದೆ, ಅದರ ನೋವು ಮಾತ್ರ ಕೂಲಿ ಕೊಟ್ಟವರ ಮೈಗೆ ಬರುತ್ತದೆ. ಪೇಟೆಯಲ್ಲಿ ದಿನಸಿ ಅಂಗಡಿಯ ಶೆಟ್ಟರು ಯಾರ ಜೊತೆಗೋ ನಗುತ್ತ ನಿಂತಿದ್ದವರು ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡು ಬಾಗಿದರೆ ಯಾರೂ ಏನಾಯಿತೆಂದು ಕೇಳುವುದಿಲ್ಲ. ಗೋದಾಮಿನಲ್ಲಿ ಮೂಟೆ ಇಳಿಯುತ್ತಿದೆ ಎಂದುಕೊಂಡು ಸುಮ್ಮನೆ ದಾರಿ ಬಿಡುತ್ತಾರೆ. ಹೋಟೆಲಿನ ಯಜಮಾನರು ಗಲ್ಲಾದಲ್ಲಿ ಕೂತೇ, "ಮೆಲ್ಲಗೆ ಹೆಚ್ಚೋ ಈರುಳ್ಳಿನಾ, ಅದು ನನ್ನ ಬೆರಳು ಕಣಪ್ಪಾ!" ಎಂದು ಅಡುಗೆಮನೆಗೆ ಕೂಗುತ್ತಿರುತ್ತಾರೆ. ಮನೆ ಕಟ್ಟಿಸುವವರು ಆಳು ಬೀಳದಂತೆ ಸಾರುವೆಯ ಸುತ್ತ ಕಟ್ಟಿಸುವಷ್ಟು ಬಲೆಗಳನ್ನು ಬೇರೆ ಊರುಗಳಲ್ಲಿ ಕಟ್ಟಿಸುವುದಿಲ್ಲವಂತೆ.

ಅಪ್ಪ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಮಧ್ಯಾಹ್ನ ಬೆರಳು ಕಳೆದುಕೊಂಡು ಮನೆಗೆ ಬಂದರು. ಕೈಗೆ ದೊಡ್ಡ ಬ್ಯಾಂಡೇಜು. ಉಪ್ಪಿನಕಾಯಿ ಹಾಕಿಸಿಕೊಂಡು ಎಡಗೈಯಲ್ಲೇ ಮೊಸರನ್ನ ಉಂಡರು, ನನ್ನನ್ನು ನೋಡಿ ನಕ್ಕರು ಕೂಡ. ಅದೇ ಹೊತ್ತಿಗೆ ಮೇಲಿನ ಬೀದಿಯಿಂದ ಸಾಮಿಲ್ಲಿನ ಯಜಮಾನರು ಕಿರುಚುವುದು ಕೇಳಿಸುತ್ತಿತ್ತು. ಸಂಜೆಯವರೆಗೂ ಕೇಳಿಸಿತು. ನಾನು ಅಟ್ಟದ ಮೆಟ್ಟಿಲ ಕೆಳಗೆ ಕೂತು ಕಿವಿ ಮುಚ್ಚಿಕೊಂಡಿದ್ದೆ. ಬೇರೆ ಮಕ್ಕಳು ದೊಡ್ಡವರಾದ ಮೇಲೆ ಯಜಮಾನರಾಗಬೇಕು ಎನ್ನುತ್ತಿದ್ದರು. ನಾನು ಎಂದೂ ಹಾಗೆ ಅಂದವಳಲ್ಲ.

ಅಪ್ಪ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟೆ. ಏಳನೇ ತರಗತಿ ಅರ್ಧವಾಗಿತ್ತು. ಅಮ್ಮನಿಗೆ ಸಹಿ ಮಾಡಲು ಬಾರದು, ಅದಕ್ಕೆ ನನಗೆ ಹದಿನೆಂಟು ತುಂಬಿದಾಗ ಅಂಗಡಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿದಳು. ಗಿರಾಕಿಗಳ ಜೊತೆ ಮಾತಾಡುವುದೆಲ್ಲ ಅವಳೇ. ನಾನು ಒಳಗೆ ಒಲೆಯ ಮುಂದೆ. ಆದರೂ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕಳು ನಾನು. ನೋವು ನನ್ನದು.

ಕೊನೆಗೆ ಅಮ್ಮನೇ ಬಾಯಿಬಿಟ್ಟಳು. "ಕಚೇರಿಗೆ ಹೋಗಿ ಕೇಳ್ಕೊಂಡು ಬಾ ಕನಕಾ. ಏನೇನು ಮಾಡ್ಬೇಕಂತೆ ಅಂತ."

ಶ್ರಮ ಕಚೇರಿ ಹಳೇ ಕಂದಾಯ ಕಟ್ಟಡದ ಹಿಂಭಾಗದಲ್ಲಿದೆ. ಕಬ್ಬಿಣದ ಸರಳಿನ ಒಂದು ಕಿಟಕಿ, ಅದರ ಹಿಂದೆ ಒಬ್ಬ ಗುಮಾಸ್ತರು, ಮುಂದೆ ಸಾಲು. ಸಾಲಿನಲ್ಲಿದ್ದವರೆಲ್ಲ ಇಸ್ತ್ರಿ ಬಟ್ಟೆಯ ಗಂಡಸರು. ಕಿಟಕಿಯ ಹತ್ತಿರ ಹೋದವರು ಎಲ್ಲರಿಗೂ ಕೇಳುವಂತೆ ತಮ್ಮ ಹೆಸರು, ಓದು, ಕಸುಬು ಹೇಳಬೇಕಿತ್ತು. ನಾನು ಸಾಲಿಗೆ ಹೋಗದೆ ಗೋಡೆ ಬದಿಯ ಬೆಂಚಿನ ತುದಿಯಲ್ಲಿ ಕೂತು ಕೇಳಿಸಿಕೊಂಡೆ.

ಗ್ಯಾರೇಜಿನವನೊಬ್ಬ ವಾದ ಮಾಡುತ್ತಿದ್ದ. "ಅವನು ಆಳಲ್ಲ ಸಾರ್, ಗುತ್ತಿಗೆ. ಗಾಡಿಗೆ ಇಷ್ಟು ಅಂತ ಮಾತಾಡ್ಕೊಂಡಿದೀವಿ."

"ಸ್ಪ್ಯಾನರ್ ಯಾರದು?" ಎಂದರು ಗುಮಾಸ್ತರು.

"ನಂದೇ."

"ಬೆಳಗ್ಗೆ ಯಾವಾಗ ಬರ್ಬೇಕು ಅಂತ ಹೇಳೋರು ಯಾರು?"

"ನಾನೇ... ಅಂದ್ರೆ, ಬಂದ್ರೆ ಒಳ್ಳೇದು ಅಂತೀನಿ."

"ಬರದೇ ಇದ್ರೆ ಬೈಯೋರು?"

ಸಾಲಿನಲ್ಲಿ ನಗು. ಗುಮಾಸ್ತರು ನಗಲಿಲ್ಲ. "ಹಂಗಾದ್ರೆ ಆಳೇ. ಅದಕ್ಕೇ ನಿನ್ನ ಮೊಣಕೈ ಹಂಗೆ ಊದ್ಕೊಂಡಂಗೆ ಹಿಡ್ಕೊಂಡಿದೀಯ. ಗುತ್ತಿಗೆಯವನ ನೋವು ನಿನಗೆ ಯಾಕೆ ಬರುತ್ತೆ?" ಎಂದು ಬರೆದುಕೊಂಡರು. ಆಮೇಲೆ ಅವನಿಗೆ ಹೇಳಿದ್ದನ್ನೆಲ್ಲ ನಾನು ನೆನಪಿಟ್ಟುಕೊಂಡೆ. ನೇಮಕದ ಪತ್ರ ಎರಡು ಪ್ರತಿ ಬರೆಯಬೇಕು, ಒಂದು ಕೆಲಸದವರ ಕೈಗೆ ಕೊಡಬೇಕು. ಯಾವ ಕೆಲಸ, ಎಷ್ಟು ಹೊತ್ತು, ವಾರದಲ್ಲಿ ಯಾವ ದಿನ ರಜೆ, ಎಲ್ಲ ಅದರಲ್ಲಿರಬೇಕು. ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಕೂಲಿ ಕೊಡುವ ಹಾಗಿಲ್ಲ. ಪ್ರತಿ ತಿಂಗಳು ಅವರ ಕೂಲಿಯಿಂದ ಒಂದು ಭಾಗ ಹಿಡಿದು, ಅದಕ್ಕೆ ತನ್ನದೊಂದು ಭಾಗ ಸೇರಿಸಿ ಕಚೇರಿಗೆ ಕಟ್ಟಬೇಕು. ಹಿಡಿದದ್ದು ಕೆಲಸದವರದು, ಅದನ್ನು ಕಟ್ಟದೆ ಇಟ್ಟುಕೊಂಡರೆ ಕಳ್ಳತನ. ಮೊದಲ ಕೂಲಿ ಕೊಟ್ಟ ಮೇಲೆ ಮಾಲೀಕರು ತಾವೇ ಬಂದು, ಬಾಯಿಬಿಟ್ಟು ಕೇಳಿ, ಹೆಸರು ಬರೆಸಬೇಕು. ಹೆಸರು ಬರೆದ ಗಳಿಗೆಯಿಂದ ನೋವು ಪಾಲಾಗುತ್ತದೆ.

"ಬರೆಸದಿದ್ರೆ?" ಎಂದ ಗ್ಯಾರೇಜಿನವನು.

"ಬರೆಸದಿದ್ರೆ ಪೂರ್ತಿ ನಿಂದೇ. ಹೊತ್ಕೊ."

ಪಾಲು ಎಂದರೆ ಏನೆಂದು ಊರಿಗೆಲ್ಲ ಗೊತ್ತು. ಹೆಸರು ಬರೆಸಿದ ಮಾಲೀಕರೆಲ್ಲರಿಗೂ ಊರಿನ ಕೆಲಸದವರ ನೋವೆಲ್ಲ ಸಮನಾಗಿ ಹಂಚಿ ಬರುತ್ತದೆ. ಸಾಮಾನ್ಯವಾಗಿ ಸೊಳ್ಳೆ ಕಚ್ಚಿದಷ್ಟು. ಆದರೆ ಕಲ್ಲು ಕ್ವಾರಿ ಕುಸಿದ ದಿನ ನಾನು ಪೇಟೆಯಲ್ಲಿದ್ದೆ. ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು, ಪ್ರೆಸ್ಸಿನವರು ಎಲ್ಲರೂ ಒಂದೇ ಸಲಕ್ಕೆ ಬೀದಿಗೆ ಬಂದು ನೆಲಕ್ಕೆ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಬಾಯಿ ತೆರೆದಿತ್ತು ಅಷ್ಟೇ. ಒಮ್ಮೆ ಬರೆಸಿದ ಹೆಸರನ್ನು ಅಳಿಸುವುದಿಲ್ಲ. ಅದಕ್ಕೇ ಶೆಟ್ಟರಂಥವರು ಹೆಸರು ಬರೆಸದೆ ತಮ್ಮ ಆಳುಗಳ ನೋವನ್ನಷ್ಟೇ ಹೊರುತ್ತಾರೆ.

ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಗುಮಾಸ್ತರು ನೋಡಿಬಿಟ್ಟರು. "ಏನಮ್ಮಾ, ಯಾರ ಕಡೆಯವಳು? ಏನಾಗ್ಬೇಕು?" ಸಾಲಿನವರೆಲ್ಲ ತಿರುಗಿದರು. ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ನಡೆದೆ. ಹಿಂದೆ ಯಾರೋ, "ನೆರಳಿಗೆ ಕೂತಿತ್ತು ಪಾಪ" ಎಂದರು.

ಮನೆಗೆ ಬಂದು ಕೇಳಿಸಿಕೊಂಡದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಪಕ್ಕದ ಮನೆಯ ವಿಮಲತ್ತೆಯನ್ನು ಕರೆದಳು. ವಿಮಲತ್ತೆ ಟೈಲರಿಂಗ್ ಇಟ್ಟುಕೊಂಡಿದ್ದಾಳೆ. ಅವಳ ಮನೆಯಲ್ಲಿ ನಾಲ್ಕು ಜನ ಹೆಂಗಸರು ಮಿಷನ್ ತುಳಿಯುತ್ತಾರೆ. ಆದರೂ ಅವಳು ಎಂದೂ ಸೊಂಟ ಹಿಡಿದುಕೊಂಡದ್ದನ್ನು ಯಾರೂ ಕಂಡಿಲ್ಲ.

"ಅಯ್ಯೋ ಹುಚ್ಚಿ, ಕಚೇರಿಗೆ ಯಾಕೆ ಹೋದೆ?" ಎಂದಳು ವಿಮಲತ್ತೆ. "ಆಳು ಅಂದ್ರೆ ತಾನೇ ಅದೆಲ್ಲ? ಮಗಳು ಅನ್ನು. ಬಂದ ದಿನ ಹೊಸ್ತಿಲಲ್ಲಿ ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು, 'ಇವತ್ತಿಂದ ನೀನು ಈ ಮನೆ ಮಗಳು' ಅನ್ನು. ಅವಳು ಹೂಂ ಅಂದ್ರೆ ಮುಗೀತು. ಹಣ ಕೈಗೆ ಕೊಡ್ಬೇಡ. ದೇವರ ಗೂಡಲ್ಲಿಡು, ಅವಳೇ ತಗೋತಾಳೆ. ಅದು ಕೂಲಿ ಅಲ್ಲ, ಉಡುಗೊರೆ."

"ಆಮೇಲೆ ನೋವು?" ಎಂದೆ. ಅವಳ ಎದುರು ನಾನು ಮಾತಾಡುವುದೇ ಅಪರೂಪ.

"ಮಗಳ ನೋವು ಮಗಳಿಗೆ. ನಿಂಗೆ ಹೊಟ್ಟೆನೋವು ಬಂದ್ರೆ ನಿಮ್ಮಮ್ಮಂಗೆ ಬರುತ್ತಾ?"

"ಅವರು ಒಪ್ತಾರಾ?"

"ಕೆಲಸ ಬೇಕಾದೋರು ಒಪ್ತಾರೆ ಕಣೆ. ನನ್ನ ನಾಲ್ಕು ಮಕ್ಕಳೂ ಒಪ್ಪಿಲ್ವಾ?" ಎಂದು ನಕ್ಕಳು.

ಅಮ್ಮ ನಗಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು. ವಿಮಲತ್ತೆ ಹೋದ ಮೇಲೆ, "ಬಾಣಲೆ ಮುಂದಿನ ಕೆಲಸ. ಯಾರದೋ ಮೈ ಸುಟ್ಟಿದ್ದು ನನ್ನ ಮಗಳಿಗೆ ಯಾಕೆ ಬರ್ಬೇಕು?" ಎಂದಳು. ನನಗೆ ಸಮಾಧಾನವೇ ಆಗಿತ್ತು.

ದೇವೀರಕ್ಕ ಬಂದದ್ದು ಸೋಮವಾರ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು, ಅಗಲ ಭುಜ, ಸಣ್ಣ ಕಣ್ಣು. ಹೆಂಚಿನ ಕಾರ್ಖಾನೆ ಮುಚ್ಚುವ ತನಕ ಅಲ್ಲೇ ದುಡಿದವಳು. ಅಮ್ಮ ಹೊಸ್ತಿಲಲ್ಲಿ ತಟ್ಟೆ ಹಿಡಿದು ನಿಂತಿದ್ದನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಚಪ್ಪಲಿ ಬಿಟ್ಟವಳು ಒಂದು ಗಳಿಗೆ ಹಾಗೇ ನಿಂತಳು. ಅಮ್ಮ ಕುಂಕುಮ ಇಟ್ಟಳು, ರವಿಕೆ ಕಣ ಮಡಿಲಿಗೆ ಹಾಕಿದಳು, ವಿಮಲತ್ತೆ ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ದೇವೀರಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಹೂಂ," ಎಂದಳು. ಆಮೇಲೆ, "ಒರಳು ಎಲ್ಲಿದೆ?" ಎಂದಳು.

ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಒರಳನ್ನು ಎದೆಗೆ ಆನಿಸಿಕೊಂಡು ಒತ್ತಿದರೆ ಚಕ್ಕುಲಿ ಬಾಳೆ ಎಲೆಯ ಮೇಲೆ ಒಂದೇ ಉಸಿರಿಗೆ ಸುತ್ತಿಕೊಂಡು ಬೀಳುತ್ತಿತ್ತು. ನಾನು ಅವನ್ನು ಎಣ್ಣೆಗೆ ಜಾರಿಸಿ, ಕೆಂಪಗಾದಾಗ ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಆದರೆ ಎರಡು ಮೂರು ದಿನಕ್ಕೇ ಅವಳು ಗೋಡೆಗೆ ಬೆನ್ನು ಉಜ್ಜಲು ಶುರುಮಾಡಿದಳು. ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಕಾರ್ಖಾನೇಲಿ ಇದೇ ಸೊಂಟದ ಮೇಲೆ ಒದ್ದೆ ಮಣ್ಣು ಹೊತ್ತಿದೀನಿ ಕನಕಮ್ಮ. ಏನೂ ಅನಿಸ್ತಿರ್ಲಿಲ್ಲ," ಎಂದಳು ಒಂದು ದಿನ. "ಕಾಲ ಮೇಲೆ ಹೆಂಚು ಬಿದ್ರೆ ನಾವು ಹೆಂಗಸರೆಲ್ಲ ನಗ್ತಿದ್ವಿ, ಈಗ ದೊಡ್ಡ ಸಾಹುಕಾರ್ರು ಕುಣೀತಾ ಇರ್ತಾರೆ ಅಂತ. ಬೆನ್ನು ನೋಯೋದು ಅಂದ್ರೆ ಹಿಂಗಿರುತ್ತೆ ಅಂತ ಈಗ ಗೊತ್ತಾಯ್ತು. ಇದರ ಜೊತೆ ಜನ ಹೆಂಗೆ ನಿದ್ದೆ ಮಾಡ್ತಾರೆ?"

ಅವಳಿಗೆ ಕೂರಲು ಮಣೆ ತಂದುಕೊಟ್ಟೆ. ಅವಳು ಮಣೆಯನ್ನೂ ನನ್ನನ್ನೂ ನೋಡಿ, "ಮಗಳಿಗೆ ಮಣೆ ಬೇರೆ," ಎಂದಳು.

ಶುಕ್ರವಾರ ಅಮ್ಮ ಹಣವನ್ನು ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಪಕ್ಕ ಇಟ್ಟಳು. ದೇವೀರಕ್ಕ ತಾನೇ ಹೋಗಿ ತೆಗೆದುಕೊಂಡಳು. ಅವಳು ಬೆನ್ನು ಮಾಡಿ ನಿಂತಿದ್ದಾಗ ಅಮ್ಮ ನನ್ನ ಮುಖವನ್ನು ಪರೀಕ್ಷೆ ಮಾಡುವಂತೆ ನೋಡಿದಳು. ನನಗೆ ಏನೂ ಬರಲಿಲ್ಲ. ಬೆನ್ನು ಹಗುರವಾಗಿಯೇ ಇತ್ತು. ಅಮ್ಮ ಉಸಿರು ಬಿಟ್ಟಳು. ಆ ವಾರವೆಲ್ಲ ಬಾಣಲೆಯಲ್ಲಿ ಎಣ್ಣೆ ಸಿಡಿದಾಗಲೆಲ್ಲ ನಾನು ನನ್ನ ಕೈ ನೋಡಿಕೊಳ್ಳುತ್ತಿದ್ದೆ, ಆಮೇಲೆ ಅವಳ ಕೈ.

ಶ್ರಮ ಕಚೇರಿಯ ತನಿಖೆಯವರು ಬರುತ್ತಾರೆಂದು ವಿಮಲತ್ತೆ ಗೋಡೆಯಾಚೆಯಿಂದ ಮೊದಲೇ ಕೂಗಿ ಹೇಳಿದಳು. ಬಂದವರು ತೆಳ್ಳಗಿನ ಮನುಷ್ಯ, ಬಗಲಲ್ಲಿ ಛತ್ರಿ. ಬಾಗಿಲಲ್ಲೇ ನಿಂತು, "ಲೈಸೆನ್ಸು ಯಾರ ಹೆಸರಲ್ಲಿದೆ?" ಎಂದು ಕೇಳಿ, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ದೇವೀರಕ್ಕನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಮುಖ ನೋಡುತ್ತ, ಗಟ್ಟಿಯಾಗಿ ಚಿವುಟಿದರು.

"ಹಾ!" ಎಂದಳು ದೇವೀರಕ್ಕ.

ನಾನು ಕದಲಲಿಲ್ಲ. ಕದಲುವುದಕ್ಕೆ ಏನೂ ಇರಲಿಲ್ಲ. ಅವರು ಇನ್ನೊಂದು ಸಲ ಚಿವುಟಿದರು. ಹೆಸರು ಬರೆಸದೆ ಆಳು ಇಟ್ಟುಕೊಂಡವರು ಹಲ್ಲು ಕಚ್ಚಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರಂತೆ, ಅದಕ್ಕೇ ಅವರು ಯಾವಾಗಲೂ ಎರಡು ಸಲ ಚಿವುಟುತ್ತಾರೆ. ದೇವೀರಕ್ಕನ ಕಣ್ಣಲ್ಲಿ ನೀರು ಬಂತು.

"ಏನಾಗಬೇಕಮ್ಮ ಇವರಿಗೆ ನೀನು?"

ಅವಳು ನಿಜ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಮಗಳು," ಎಂದಳು.

"ಈ ಬೀದೀಲಿ ಬರೀ ಹೆಣ್ಣು ಮಕ್ಕಳೇ ಹುಟ್ತಾರೆ ನೋಡಿ," ಎಂದು ನಕ್ಕು ಅವರು ಎದ್ದರು. ಅಮ್ಮ ಕೊಟ್ಟ ಕೋಡುಬಳೆ ತಿನ್ನುತ್ತ, ಉಪ್ಪು ಒಂದು ಚೂರು ಕಡಿಮೆ ಎಂದು ಹೇಳಿ ಹೋದರು.

ಅಮ್ಮ ಬಾಗಿಲು ಹಾಕಿ ದೇವರ ಗೂಡಿನ ಮುಂದೆ ಕೈಮುಗಿದಳು. ದೇವೀರಕ್ಕ ಚಿವುಟಿಸಿಕೊಂಡ ಜಾಗಕ್ಕೆ ಉಗುಳು ಹಚ್ಚಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನಾನು ಕೂಗಿದ್ದು ಕೇಳಿ ನಿಮ್ಮಮ್ಮಂಗೆ ಎಷ್ಟು ಖುಷಿ ಆಯ್ತು ನೋಡಿದೆಯಾ? ಹೆತ್ತೋರು ಹಂಗೆ ಖುಷಿಪಡಲ್ಲ ಕನಕಮ್ಮ."

"ಯಾಕೆ ಮಗಳು ಅಂದ್ರಿ ಅಕ್ಕ?"

"ಇಲ್ಲ ಅಂದಿದ್ರೆ ನಾಳೆ ಎಲ್ಲಿಗೆ ಹೋಗ್ಲಿ? ನೀನು ಅನ್ಬೋದಿತ್ತು. ಮಾಲೀಕಳು ನೀನು."

ಅಷ್ಟು ಹೇಳಿ ಹೋಗಿ ಒರಳು ತೊಳೆಯಲು ಕೂತಳು. ನಾನು ಮಾತಾಡಬಹುದಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಅಮ್ಮ ಉತ್ತರ ಹೇಳುತ್ತಾಳೆ, ಇಲ್ಲವೇ ಬೇರೆಯವರು ಹೇಳುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ.

ದೊಡ್ಡ ಮದುವೆಯ ಹಿಂದಿನ ದಿನ ಎರಡು ಒಲೆ ಹಚ್ಚಿದೆವು. ಎರಡನೇ ಬಾಣಲೆ ಬಾಡಿಗೆಗೆ ತಂದದ್ದು, ಅದರ ಒಂದು ಹಿಡಿ ಸಡಿಲವಿತ್ತು. ಪುರುಷೋತ್ತಮಯ್ಯನ ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು. ದೇವೀರಕ್ಕ ನಿಂತೇ ಒತ್ತುತ್ತಿದ್ದಳು. ಸೊಂಟ ಬಾಗಿಸಿದರೆ ಮತ್ತೆ ಏಳಲು ಆಗುವುದಿಲ್ಲ ಎಂದಿದ್ದಳು. ಅಮ್ಮ ಬುಟ್ಟಿಗಳಿಗೆ ಕಾಗದ ಹಾಸುತ್ತ, "ಬೇಗ ಮಗಳೇ, ಬೇಗ," ಎನ್ನುತ್ತಿದ್ದಳು.

ನಾನು ಬುಟ್ಟಿ ಎತ್ತಿಕೊಂಡು ಹಿತ್ತಲ ಕಡೆ ತಿರುಗಿದ್ದೆ. ಹಿಂದೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಕೇಳಿತು, ಆಮೇಲೆ ಮಳೆ ನೀರು ನೆಲಕ್ಕೆ ಸುರಿದಂಥ ಸದ್ದು. ಆಮೇಲೆ ಅವಳ ಕೂಗು. ತಿರುಗಿ ನೋಡಿದರೆ ಹಿಡಿ ಕಳಚಿ ಬಾಡಿಗೆ ಬಾಣಲೆ ವಾಲಿತ್ತು. ದೇವೀರಕ್ಕ ಗೋಡೆಗೆ ಒರಗಿದ್ದಳು. ಮೊಣಕೈಯಿಂದ ಬೆರಳವರೆಗೆ ಎಡಗೈ ಹೊಳೆಯುತ್ತಿತ್ತು, ಪಾದದ ಮೇಲೂ ಎಣ್ಣೆ ಬಿದ್ದಿತ್ತು. ಚರ್ಮ ಅದಾಗಲೇ ಬಣ್ಣ ಬದಲಿಸುತ್ತಿತ್ತು.

ಅಮ್ಮ ಕೊಡದಿಂದ ತಣ್ಣೀರು ಸುರಿದಳು. ಅವಳೂ ಅಳುತ್ತಿದ್ದಳು. "ಅಯ್ಯೋ ಮಗಳೇ, ಅಯ್ಯೋ ನನ್ನ ಕಂದಾ, ತಡಕೋ ಮಗಳೇ..." ಅವಳು ಮಗಳೇ ಎಂದಾಗಲೆಲ್ಲ ದೇವೀರಕ್ಕನ ಕೂಗು ಇನ್ನೂ ಮೇಲೇರುತ್ತಿತ್ತು.

"ಮಗಳು ಅನ್ಬೇಡಿ ಅಮ್ಮಾ! ನಿಮ್ಮ ಕಾಲಿಗೆ ಬೀಳ್ತೀನಿ, ಹಂಗನ್ಬೇಡಿ!"

ಅಮ್ಮ ನಿಲ್ಲಿಸಲಿಲ್ಲ. ಬೇರೆ ಏನು ಕರೆಯಬೇಕೆಂದು ಅವಳಿಗೆ ತೋಚಲಿಲ್ಲವೋ, ಬೇಕೆಂದೇ ಹಾಗೆ ಕರೆದಳೋ, ನನಗೆ ಗೊತ್ತಿಲ್ಲ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅದೇ ನನ್ನನ್ನು ಹೆದರಿಸಿತು. ಗೊತ್ತಿಲ್ಲದಿದ್ದರೆ ಅಲ್ಲೇ ನಿಂತು ಅಳಬಹುದಿತ್ತು. ದೇವರ ಗೂಡಿನವರೆಗೆ ಹೋದೆ. ಶುಕ್ರವಾರಕ್ಕೆಂದು ಅಮ್ಮ ಎತ್ತಿಟ್ಟಿದ್ದ ಹಣ ಅಲ್ಲಿತ್ತು. ತೆಗೆದುಕೊಂಡೆ, ಮತ್ತೆ ಇಟ್ಟೆ. ಸುಟ್ಟ ಕೈಯನ್ನು ಇನ್ನೊಂದು ಸಲ ನೋಡಿದೆ. ಅದು ಇನ್ನೂ ಅವಳದಾಗಿತ್ತು. ನಾನು ಸುಮ್ಮನಿದ್ದರೆ ಅವಳದೇ ಆಗಿರುತ್ತಿತ್ತು, ಯಾವ ಕಚೇರಿಯೂ ಕೇಳುತ್ತಿರಲಿಲ್ಲ. ಮತ್ತೆ ತೆಗೆದುಕೊಂಡೆ.

ನಾನು ಹತ್ತಿರ ಬಂದದ್ದನ್ನು ನೋಡಿ ಅಮ್ಮ ಕೊಡ ಬಿಟ್ಟು ನನ್ನ ಮುಂಗೈ ಹಿಡಿದಳು. "ಬ್ಯಾಡ ಕನಕಾ. ನಿನ್ನ ಕೈಲಿ ಆಗಲ್ಲ. ನೀನು ಮುಳ್ಳು ಚುಚ್ಚಿದ್ರೇ ಜ್ವರ ಬರಿಸ್ಕೊಳೋಳು. ಬ್ಯಾಡ ನನ್ನವ್ವಾ, ನಂಗೆ ಇರೋಳು ನೀನೊಬ್ಳು." ಅವಳ ನೋಯುವ ಕೈಯಲ್ಲೇ ಹಿಡಿದಿದ್ದಳು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇತ್ತೆಂದು ನನಗೆ ಗೊತ್ತಿರಲಿಲ್ಲ.

ನಾನು ಬಿಡಿಸಿಕೊಂಡೆ. ದೇವೀರಕ್ಕನ ಬಲಗೈ ತೆರೆದು ಹಣ ಇಟ್ಟೆ. "ಇದು ನಿಮ್ಮ ಕೂಲಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. "ದೇವೀರಕ್ಕ, ಇದು ನಿಮ್ಮ ಕೂಲಿ."

ಬೇಡವೆನ್ನಬಹುದು ಎಂಬ ಆಸೆ ನನಗೆ ಇದ್ದಿರಬೇಕು. ಅವಳು ಬೇಡ ಎನ್ನಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮುಷ್ಟಿ ಬಿಗಿದಳು. "ಬಂತು," ಎಂದಳು.

ಆಮೇಲಿನದನ್ನು ಬರೆಯುವುದು ಕಷ್ಟ. ನನ್ನ ಎಡಗೈ ಮೊದಲು ತಣ್ಣಗಾದ ಹಾಗಿತ್ತು. ತಣ್ಣಗೆ ಅನಿಸಿದ್ದು ತಣ್ಣಗಲ್ಲ ಎಂದು ತಿಳಿಯುವಷ್ಟರಲ್ಲಿ ನಾನು ನೆಲದ ಮೇಲಿದ್ದೆ, ಎಣ್ಣೆಯಲ್ಲಿ ಸೀರೆ ನೆನೆಯುತ್ತಿತ್ತು, ಯಾರೋ ಕಿರುಚುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದು ನಾನೇ ಎಂದು ಗೊತ್ತಾಯಿತು. ಹಿಂದಿನ ಎಲ್ಲ ದಿನಗಳ ಬೆನ್ನುನೋವೂ ಅದರ ಜೊತೆಗೇ ಬಂತು. ಕೈ ನೋಡಿಕೊಂಡರೆ ಅಲ್ಲಿ ಏನೂ ಇರಲಿಲ್ಲ. ಬಳೆ ಕೂಡ ಒಡೆದಿರಲಿಲ್ಲ.

ದೇವೀರಕ್ಕ ನೆಟ್ಟಗೆ ನಿಂತಿದ್ದಳು. ಮುಖದ ಮೇಲೆ ಕಣ್ಣೀರು ಇನ್ನೂ ಹಸಿಯಾಗಿತ್ತು. ಅವಳು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ಎತ್ತಿ ನೋಡಿಕೊಂಡು, ಮೊದಲು ಎರಡೂ ಒಲೆಗಳನ್ನು ಆರಿಸಿದಳು. ಆಮೇಲೆ ಒಗೆದ ಬಟ್ಟೆಯನ್ನು ನೀರಲ್ಲಿ ಅದ್ದಿ ಗಾಯದ ಮೇಲೆ ಹಾಸಿಕೊಂಡಳು.

"ಆಸ್ಪತ್ರೆಗೆ ನಾನು ನಿಮ್ಮಮ್ಮನ ಜೊತೆ ಹೋಗ್ತೀನಿ. ನೀನು ಕಚೇರಿಗೆ ಹೋಗು," ಎಂದಳು. "ಪೂರ್ತಿ ಒಬ್ಳೇ ಹೊರಬೇಡ. ಹೆಸರು ಬರೆಸು, ಪಾಲಾಗಿ ಹೋಗ್ಲಿ. ಎದ್ದೇಳು."

"ನಂಗೆ ಆಗಲ್ಲ ಅಕ್ಕ. ಅಲ್ಲಿ ಎಲ್ರೂ ಇರ್ತಾರೆ."

"ಕಿರುಚ್ಕೊಂಡೇ ಹೋಗು. ಮಾಲೀಕರು ಬೀದೀಲಿ ಕಿರುಚೋದು ಈ ಊರಿಗೆ ಹೊಸದಾ?"

ಅಮ್ಮ ಗೋಡೆಯ ಮೂಲೆಯಲ್ಲಿ ಕೂತಿದ್ದಳು. ನನ್ನ ಕಡೆಯೂ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ದೇವೀರಕ್ಕ ಅವಳ ಭುಜ ಹಿಡಿದು ಎಬ್ಬಿಸಿದಳು.

ಕಿರುಚಿಕೊಂಡು ಹೋಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ನಡೆದೆ. ಎಣ್ಣೆ ನೆನೆದ ಸೀರೆ ಕಾಲಿಗೆ ಅಂಟುತ್ತಿತ್ತು. ಎಡಪಾದ ಊರಿದಾಗಲೆಲ್ಲ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಎದುರು ಬಂದವರು ನನ್ನ ಕೈ ನೋಡಿ, ಗಾಯವಿಲ್ಲದ್ದನ್ನು ಕಂಡು, ಅರ್ಥ ಮಾಡಿಕೊಂಡು ದಾರಿ ಬಿಟ್ಟರು. ಒಬ್ಬ ಹೆಂಗಸು ತನ್ನ ಮಗುವಿಗೆ, "ಪಾಪ, ಮೊದಲ ಆಳು ಇರ್ಬೇಕು" ಎಂದಳು. ದಾರಿಯಲ್ಲಿ ಗುಮಾಸ್ತರ ಮುಂದೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಹೆಸರು ಕನಕ. ಓದು ಏಳನೇ ತರಗತಿ, ಪೂರ್ತಿ ಇಲ್ಲ. ಕಸುಬು ಕುರುಕಲು ತಿಂಡಿ. ಕೆಲಸದವರು ಒಬ್ಬರು. ಒರಳು ನನ್ನದು, ಎಣ್ಣೆ ನನ್ನದು. ಬಾ ಅಂದವಳು ನಾನು. ನೇಮಕದ ಪತ್ರ ಇವತ್ತೇ ಬರೆದುಕೊಡುತ್ತೇನೆ, ರಜೆ ಯಾವ ದಿನವೆಂದು ಅವರನ್ನೇ ಕೇಳಿ ಬರೆಯುತ್ತೇನೆ. ಅಲ್ಲಿ ಇವತ್ತು ಎಷ್ಟು ಜನ ನಕ್ಕರೂ ಸರಿ ಎಂದುಕೊಂಡೆ. ಸಾಲಿನವರೆಲ್ಲ ತಿರುಗಿ ನೋಡಲಿ.

ಸಾಲು ಇರಲಿಲ್ಲ. ಬೆಂಚು ಖಾಲಿಯಿತ್ತು. ಮಾರನೆಯ ದಿನದಿಂದ ಕಚೇರಿಗೆ ರಜೆಯಂತೆ, ಹಾಗೆಂದು ಬಾಗಿಲಿಗೆ ಒಂದು ಹಲಗೆ ನೇತುಹಾಕಿದ್ದರು. ಆದರೆ ಕಿಟಕಿಯ ಕದ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಸರಳುಗಳ ಆಚೆ ಗುಮಾಸ್ತರ ಕುರ್ಚಿ ಕಾಣುತ್ತಿತ್ತು, ಅದರ ಬೆನ್ನಿಗೆ ಅವರ ಟವಲ್ಲು. ಒಳಕೋಣೆಯಲ್ಲಿ ಯಾರೋ ನಲ್ಲಿ ಬಿಟ್ಟುಕೊಂಡು ಊಟದ ಡಬ್ಬಿ ತೊಳೆಯುತ್ತಿದ್ದರು. ಇನ್ನೊಬ್ಬರು ಏನೋ ಹೇಳಿದರು, ಇಬ್ಬರೂ ನಕ್ಕರು.

ಬಾಯಿಂದ ಸೆರಗು ತೆಗೆದೆ. ಬಲಗೈಯಲ್ಲಿ ಸರಳು ಹಿಡಿದುಕೊಂಡೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ ಒಂದೇ ಮಾತು ಉಳಿದಿತ್ತು, ಅದನ್ನು ಕೂಗಿದೆ. ನನ್ನ ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ನಾನು ಮಾತಾಡಿರಲಿಲ್ಲ. ನಲ್ಲಿಯ ಸದ್ದು ನಿಂತಿತು. ನಗುವೂ ನಿಂತಿತು. ಅವರಿಗೆ ಕೇಳಿಸಿತ್ತು. ನಾನು ಕಾದೆ. ಒಳಗೆ ಚಪ್ಪಲಿ ಮೆಟ್ಟಿಕೊಂಡ ಸದ್ದಾಯಿತು, ಆಮೇಲೆ ಹೊರಗಿನಿಂದ ಹಿಂಬಾಗಿಲ ಚಿಲಕ ಹಾಕಿದ ಸದ್ದು. ಇನ್ನೊಂದು ಸಲ ಕೂಗಿದೆ.

"ಸಾರ್, ನನ್ನ ಹೆಸರು ಬರ್ಕೊಳ್ಳಿ."